ಬಿರುಗಾಳಿ ಬಂದಾಗ ಮನೆಯಲ್ಲಿಲ್ಲದ ದ್ವೀಪ

ಕೆರಿಬಿಯನ್ ಕಡಲಿನಲ್ಲಿರುವ, ಫ್ರಾನ್ಸಿಗೆ ಸೇರಿದ ಲಾ ದೆಜಿರಾದ್ ದ್ವೀಪವನ್ನು ಬಿರುಗಾಳಿಯ ದಾರಿಯಿಂದ ಸರಿಸುವುದು ಸಿಡೋನಿ ಅಜ್ಜಿಯ ಮನೆತನದ ಕೆಲಸ. ಈ ಆಗಸ್ಟಿನಲ್ಲಿ ಮೂರನೆಯ ಸಲ ಅವಳು ಶಂಖ ಹಿಡಿದು ಬಂಡೆ ಹತ್ತಿದಳು.

ಹೊಸದಾಗಿ ಬಂದಿದ್ದ ಅಧಿಕಾರಿ ಫ್ಲೋರಿಯಾನ್ ಏದುಸಿರು ಬಿಡುತ್ತಾ ಓಡಿಬಂದ. "ತಡೀರಿ ಅಜ್ಜಿ! ಪ್ಯಾರಿಸ್ಸಿನಿಂದ ಇನ್ನೂ ಅಪ್ಪಣೆ ಬಂದಿಲ್ಲ."

"ಗಾಳಿ ಏನು ಪ್ಯಾರಿಸ್ಸನ್ನ ಕೇಳ್ಕೊಂಡು ಬರುತ್ತೇನಪ್ಪಾ?"

ಅವಳು ಶಂಖ ಊದಿದಳು. ನೆರೆಯವರ ಸೂರು ಹೊದಿಸಲು ಸೇರುವ ಹಾಗೆ ಊರಿಗೆ ಊರೇ ಬಂದು ದ್ವೀಪವನ್ನು ಹಿಡಿದಿಟ್ಟಿದ್ದ ಲಂಗರಿನ ಸರಪಳಿಗಳನ್ನು ಮೇಲೆಳೆಯಲು ಕೈಹಚ್ಚಿತು. ದ್ವೀಪ ಒಮ್ಮೆ ಮೈಮುರಿದು, ಚರ್ಚು, ಮೇಕೆ, ಬಾಳೆತೋಟಗಳ ಸಮೇತ ದಕ್ಷಿಣಕ್ಕೆ ಹೊರಟಿತು.

ಫ್ಲೋರಿಯಾನ್ ಮೇಕೆಯ ಗೂಟವನ್ನು ತಬ್ಬಿ ಕೂತ. "ಮೇಲಿನವರಿಗೆ ನಾನೀಗ ಏನಂತ ಬರೀಲಿ?"

ಅಜ್ಜಿ ಶಂಖವನ್ನು ಲಂಗಕ್ಕೆ ಒರೆಸಿದಳು.

"ಬಿರುಗಾಳಿ ಬಂದಿತ್ತು, ನಾವು ಮನೇಲಿರ್ಲಿಲ್ಲ ಅಂತ ಬರಿ."