ಆರರ ಮಾವು

ಮಂಗಳ ಗ್ರಹದ ಗಾಜಿನ ಚಪ್ಪರದ ಕೆಳಗೆ ಹನ್ನೊಂದು ಮಾವಿನ ಮರಗಳಿದ್ದವು. ವರ್ಷಕ್ಕೆ ಒಬ್ಬರಿಗೆ ಒಂದೇ ಹಣ್ಣು. ತೋಟ ನೋಡಿಕೊಳ್ಳುವ ತಂಗೆವ್ವ ಬೆಳಕಿನ ಕಡ್ಡಿಯನ್ನು ಕಾಯಿಗೆ ಒತ್ತಿದರೆ, ಕೊಯ್ಯದೆ ಕೆರೆಯದೆ ಒಳಗಿನ ಸಿಹಿ ಎಷ್ಟೆಂದು ಅದು ಹೇಳುತ್ತಿತ್ತು. ಹದಿನಾರು ಮುಟ್ಟಿದರೆ ಹಸಿರು ದೀಪ. ಆಗಲೇ ಆ ಕಾಯಿಯ ತೊಟ್ಟಿಗೆ ಹಾಕಿದ್ದ ಬೀಗ ಕಳಚುತ್ತಿತ್ತು.

ಆ ಬೆಳಿಗ್ಗೆ ಬಸುರಿ ಖೈರುನ್ ಬಂದು ಎಳೆಯ ಕಾಯೊಂದನ್ನು ತೋರಿಸಿದಳು.

"ಅಕ್ಕಾ, ನನ್ನ ಪಾಲಿಂದು ಈಗ ಕೊಟ್ಟಬಿಡು."

ತಂಗೆವ್ವ ಕಡ್ಡಿ ಒತ್ತಿದಳು. ಆರು. ಕೆಂಪು ದೀಪ.

"ಇನ್ನೂ ಒಂದೂವರಿ ತಿಂಗಳು ಬೇಕವ್ವ. ಹಣ್ಣಾಗ್ಲಿ, ಸಕ್ಕರಿ ಇದ್ದಂಗ ಇರತೈತಿ."

"ಸಕ್ಕರಿ ಯಾರಿಗೆ ಬೇಕಾಗೇತಿ? ನಂಗ ಹುಳಿ ಬೇಕು. ಮೂರು ದಿನ ಆತು, ಅನ್ನ ಸೇರವಲ್ದು." ಅವಳ ಕಣ್ಣು ತುಂಬಿತು.

ಬೀಗ ಒಡೆದರೆ ಮೇಲ್ವಿಚಾರಕ ಹನಮಗೌಡ ಕೆಲಸದಿಂದ ತೆಗೆಯುತ್ತಾನೆ. ಆದರೆ ಬಸುರಿಯ ಬಯಕೆಯನ್ನು ಹಾಗೇ ತಿರುಗಿಸಿ ಕಳಿಸಲು ತಂಗೆವ್ವನಿಗೆ ಮನಸ್ಸಾಗಲಿಲ್ಲ. ಕಡ್ಡಿಯನ್ನು ತಿರುಗಿಸಿ ನೋಡಿದಳು. 'ಬೇಕಾದ ಸಿಹಿ: ಹದಿನಾರು' ಎಂದಿತ್ತು. ಒಂಬತ್ತು ವರ್ಷದಲ್ಲಿ ಅದನ್ನು ಯಾರೂ ಬದಲಿಸಿರಲಿಲ್ಲ. ಬದಲಿಸಬಾರದೆಂದೂ ಯಾರೂ ಹೇಳಿರಲಿಲ್ಲ. ಅವಳು ಆರು ಎಂದು ಒತ್ತಿದಳು.

ಹಸಿರು ದೀಪ ಹತ್ತಿ, ಕಾಯಿ ಅಂಗೈಗೆ ಬಿತ್ತು.

ಖೈರುನ್ ಉಪ್ಪು ಖಾರ ಕಟ್ಟಿಕೊಂಡೇ ಬಂದಿದ್ದಳು. ಕಾಯಿ ಹೋಳು ಮಾಡಿ ಕಚ್ಚಿದವಳೇ ಕಣ್ಣು ಮುಚ್ಚಿ ನಕ್ಕಳು. ಒಂದು ಹೋಳು ತಂಗೆವ್ವನ ಬಾಯಿಗೂ ಇಟ್ಟಳು. ಹಲ್ಲು ಜುಮ್ಮೆಂದವು.

"ಎವ್ವಾ!" ಎಂದು ತಂಗೆವ್ವ ಇನ್ನೊಂದು ಹೋಳಿಗೆ ಕೈ ಚಾಚಿದಳು.

ಮರುದಿನ ಚಪ್ಪರದ ಬಾಗಿಲಲ್ಲಿ ಉದ್ದನೆಯ ಸಾಲು. ಎಲ್ಲರಿಗಿಂತ ಮುಂದೆ ನಿಂತಿದ್ದವನು ಹನಮಗೌಡ. ತಂಗೆವ್ವ ಕಡ್ಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಅವನು ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದ: "ನನಗೂ ಆರರದ್ದಽ ಕೊಡವ್ವ."