ಕತ್ತಲಲ್ಲಿ ಕೈ ಮಾಡುವವನು

ಅಂಗಡಿಯವಳ ಕಣ್ಣಿಗೆ ಮೊದಲು ಬಿದ್ದದ್ದು ಹಣೆಯ ಮೇಲಿನ ಬಾವು. ಆಮೇಲೆ ಹೆಂಗಸು.

“ತಲೆಗೆ ಕಟ್ಟಿಕೊಳ್ಳೋ ಲೈಟು ಇದೆಯಾ? ಚಿಕ್ಕದು ಸಾಕು. ಅಗ್ಗದ್ದೇ ಇರಲಿ.”

ಟೆಂಟು, ಹಗ್ಗ, ಬೆನ್ನಿಗೆ ಹಾಕುವ ಚೀಲಗಳ ಅಂಗಡಿ ಅದು. ಬೆಟ್ಟ ಹತ್ತಲು ಹೊರಟವರು ಬರುತ್ತಾರೆ. ಹತ್ತುವ ಆಸೆ ಮಾತ್ರ ಇರುವವರು ಅದಕ್ಕಿಂತ ಹೆಚ್ಚು ಬರುತ್ತಾರೆ, ಎಲ್ಲವನ್ನೂ ಮುಟ್ಟಿ ನೋಡಿ ಹೋಗುತ್ತಾರೆ. ಬೆಳಗಿನಿಂದ ಅಂಥವರ ಮುಂದೆ ನಿಂತು ನಿಂತು ಅಂಗಡಿಯವಳ ಕಾಲು ಬಿದ್ದುಹೋದ ಹಾಗಾಗಿತ್ತು. ಈ ಹೆಂಗಸು ಬೆಟ್ಟದವಳಲ್ಲ. ಮನೆಯ ಮೆಟ್ಟಿಲು ಹತ್ತುವುದೇ ಸಾಕುಸಾಕಾಗಿದೆ ಎನ್ನುವ ಮುಖ.

“ಕ್ಯಾಂಪಿಂಗಿಗಾ ಮೇಡಂ?”

“ಎಲ್ಲಿಯ ಕ್ಯಾಂಪಿಂಗು! ಮನೆಗೇ. ದಿನಾ ಸಂಜೆ ಕರೆಂಟ್ ಹೋಗುತ್ತಲ್ಲ.”

“ಮನೆಗಾದ್ರೆ ಕೈಯಲ್ಲಿ ಹಿಡಿಯೋ ಟಾರ್ಚ್ ಸಾಕಲ್ವಾ? ಇನ್ನೂ ಅಗ್ಗ. ಇಲ್ಲಾ ಫೋನ್ ಲೈಟು...”

“ಅದನ್ನ ಹಿಡಿದ್ರೆ ಒಂದು ಕೈ ಹೋಯ್ತು. ನನಗೆ ಎರಡೂ ಕೈ ಬೇಕು.”

ಅಂಗಡಿಯವಳು ಮೂರ್ನಾಲ್ಕು ಲೈಟುಗಳನ್ನು ತಂದು ಗಾಜಿನ ಮೇಜಿನ ಮೇಲೆ ಹರಡಿದಳು. ಮೊದಲನೆಯದನ್ನು ಹೊತ್ತಿಸಿದರೆ ಬೆಳಕು ಬೀದಿಯಾಚೆಯ ಗೋಡೆಗೆ ಹೋಗಿ ಬಿತ್ತು. ಹೆಂಗಸು ಬೇಡವೆಂದು ತಲೆಯಾಡಿಸಿದಳು.

“ಇಷ್ಟು ದೂರ ಯಾಕಮ್ಮ? ಎದುರಿಗೆ ನಿಂತವರು ಕಂಡ್ರೆ ಸಾಕು. ಕಣ್ಣಿಗೆ ಹೊಡೀಬಾರದು ಅಷ್ಟೆ. ಕಣ್ಣಿಗೆ ಹೊಡೆದ್ರೆ ನಮ್ಮ ಯಜಮಾನ್ರಿಗೆ ಸಿಟ್ಟು ಬರುತ್ತೆ.”

ಅಂಗಡಿಯವಳ ಕೈ ಅಲ್ಲೇ ನಿಂತಿತು. ಬಾವನ್ನು ಇನ್ನೊಮ್ಮೆ ನೋಡಿದಳು. ನೀಲಿ ತಿರುಗಿತ್ತು.

“ಹಣೆಗೆ ಏನಾಯ್ತು?”

“ಬಾಗಿಲು ತಾಗ್ತು.”

ಬಾಗಿಲು! ಅಂಗಡಿಯವಳ ಅಕ್ಕನಿಗೂ ಬಾಗಿಲೇ ತಾಗುತ್ತಿತ್ತು. ಒಮ್ಮೆ ಹಣೆಗೆ, ಒಮ್ಮೆ ತುಟಿಗೆ, ಒಮ್ಮೆ ಅದು ಹೇಗೋ ಬೆನ್ನಿಗೂ. ಭಾವ ಮನೆ ಬಿಟ್ಟು ಹೋದ ಮೇಲೆ ಆ ಮನೆಯ ಬಾಗಿಲುಗಳು ಯಾರಿಗೂ ತಾಗಲಿಲ್ಲ.

ಹೊರಗೆ ಹೆಂಗಸಿನ ಗಂಡ ಕಾಯುತ್ತಿದ್ದ. ಎತ್ತರದ ಆಳು, ಅಗಲವಾದ ಅಂಗೈಗಳು. ರಸ್ತೆಗೆ ಅಡ್ಡವಾಗಿಯೇ ನಿಂತಿದ್ದ. ಬೆನ್ನ ಹಿಂದೆ ಒಂದು ಬೈಕು ಹಾರನ್ನಿನ ಮೇಲೆ ಹಾರನ್ನು ಹೊಡೆದರೂ ಜಗ್ಗಲಿಲ್ಲ. ಎಷ್ಟು ಕೊಬ್ಬು ನೋಡು ಇವನಿಗೆ, ಅಂದುಕೊಂಡಳು ಅಂಗಡಿಯವಳು. ಕೊನೆಗೆ ಬೈಕಿನವನೇ ಬೈದುಕೊಂಡು ಬಳಸಿ ಹೋದ. ಗಂಡ ಹತ್ತಿರ ಬಂದು ಅಂಗಡಿಯ ಗಾಜಿಗೆ ಅಂಗೈಯಿಂದ ಪಟಪಟ ಬಡಿದ. ಹೆಂಗಸು ತಟ್ಟನೆ ತಿರುಗಿ, ಬಂದೆ ಎಂದು ಸನ್ನೆ ಮಾಡಿದಳು.

ಅಂಗಡಿಯವಳ ಮೈ ಉರಿಯಿತು. ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದಳು.

“ಅಕ್ಕಾ, ತಪ್ಪು ತಿಳ್ಕೋಬೇಡಿ. ಅವ್ರು... ಕೈ ಮಾಡ್ತಾರಾ?”

ಹೆಂಗಸಿಗೆ ಆಶ್ಚರ್ಯವೇನೂ ಆಗಲಿಲ್ಲ. ಎಷ್ಟೋ ಜನ ಕೇಳಿದ ಪ್ರಶ್ನೆಯಿರಬೇಕು.

“ಮಾಡ್ದೆ ಇನ್ನೇನು? ಮದುವೆ ಆದಾಗಿಂದ ಅದೇ. ಹಗಲು ಹೊತ್ತು ಪರವಾಗಿಲ್ಲ, ನನಗೂ ಅಭ್ಯಾಸ ಆಗಿದೆ. ಕತ್ತಲಲ್ಲಿ ಕೈ ಮಾಡಿದ್ದು ಕಾಣಲ್ಲ ನೋಡಿ, ಅಲ್ಲೇ ಎಡವಟ್ಟು. ಮೊನ್ನೆ ಇದು ಆಗಿದ್ದೂ ಹಾಗೇ.” ಹಣೆ ಮುಟ್ಟಿಕೊಂಡಳು. “ಕರೆಂಟ್ ಹೋಯ್ತು ಅಂದ್ರೆ ಮನೇಲಿ ಮಾತೇ ಇಲ್ಲ. ಮೂಲೆಗೊಬ್ರು ಕೂತಿರ್ತೀವಿ, ಬರೋವರೆಗೂ. ಸಾಕಾಗಿಹೋಗಿದೆಯಮ್ಮ.”

ಅಭ್ಯಾಸವಂತೆ! ಅಂಗಡಿಯವಳಿಗೆ ಅಳು ಬಂತು. ಅಕ್ಕನೂ ಇದೇ ಮಾತನ್ನು ಇದೇ ದಣಿದ ದನಿಯಲ್ಲಿ ಹೇಳುತ್ತಿದ್ದಳು. ಏಟು ಯಾವ ಕಡೆಯಿಂದ ಬರುತ್ತದೆಂದು ಕಾಣಲಿ ಅಂತ ಲೈಟು ಕೊಳ್ಳಲು ಬಂದಿದ್ದಾಳಲ್ಲ ಈ ಹೆಂಗಸು, ಎರಡೂ ಕೈ ಅಡ್ಡ ಹಿಡಿಯಲು ಬೇಕು ಅನ್ನುತ್ತಾಳಲ್ಲ! ಇವಳನ್ನು ಇವತ್ತು ಅವನ ಜೊತೆ ಕಳಿಸಬಾರದು.

ಕೆಳಗಿನ ಡ್ರಾಯರಿನಿಂದ ಇನ್ನೊಂದು ಲೈಟು ತೆಗೆದಳು.

“ಇದು ತಗೊಳ್ಳಿ. ಎಲ್ಲಕ್ಕಿಂತ ಹಗುರ. ಕೆಳಗೆ ಬಗ್ಗಿಸಬಹುದು, ಕಣ್ಣಿಗೆ ಹೊಡೆಯಲ್ಲ. ಪಟ್ಟಿಯಲ್ಲಿ ಪೀಪಿ ಬೇರೆ ಇದೆ. ಜೋರಾಗಿ ಊದಿದ್ರೆ...”

“ಊದಿ ಏನು ಮಾಡ್ಲಿ? ಅವ್ರ ಹತ್ರ ಅದೆಲ್ಲ ನಡೆಯಲ್ಲ.” ಹೆಂಗಸು ನಕ್ಕಳು. ಲೈಟು ಮಾತ್ರ ಹಿಡಿಸಿತು. ತಲೆಗೆ ಕಟ್ಟಿಕೊಂಡು, ಬಾವಿನ ಮೇಲೆ ಬಾರದಂತೆ ಪಟ್ಟಿಯನ್ನು ಸರಿಸಿಕೊಂಡಳು.

“ಅಕ್ಕಾ, ಹಿಂದುಗಡೆ ಇನ್ನೊಂದು ದಾರಿ ಇದೆ. ನೀವು ಹೂಂ ಅಂದ್ರೆ ಸಾಕು, ಈಗಲೇ ಪೊಲೀಸರಿಗೆ...”

ಕರೆಂಟ್ ಹೋಯಿತು.

ಬೀದಿಯ ದೀಪಗಳೂ ಜೊತೆಗೇ ಹೋದವು. ಬಾಗಿಲು ದಢಾರನೆ ತೆರೆದುಕೊಂಡಿತು. ಭಾರವಾದ ಹೆಜ್ಜೆಗಳು ಒಳಗೆ ಬಂದು ಮರದ ನೆಲವನ್ನು ಧಡಧಡ ತುಳಿದವು. ಅಂಗಡಿಯವಳು ಕೈಗೆ ಸಿಕ್ಕ ಟೆಂಟಿನ ಕೋಲನ್ನು ಎತ್ತಿ ಹಿಡಿದಳು.

“ಅವ್ರನ್ನ ಮುಟ್ಟಿದ್ರೆ ಜೋಕೆ!”

ಕತ್ತಲಿನಿಂದ ಉತ್ತರ ಬರಲಿಲ್ಲ. ಹೆಜ್ಜೆಗಳು ನಿಲ್ಲಲೂ ಇಲ್ಲ.

ಟಕ್ ಎಂದಿತು. ಹೆಂಗಸಿನ ಹಣೆಯಿಂದ ಪುಟ್ಟ ಬೆಳಕು ಗಂಡನ ಎದೆಯ ಮೇಲೆ ಬಿತ್ತು. ಆ ಬೆಳಕಿನೊಳಗೆ ಅವನ ಎರಡೂ ಕೈಗಳು ಮೇಲೆದ್ದವು. ಹೆಂಗಸು ಕದಲಲಿಲ್ಲ. ಕೈಗಳು ಅವಳತ್ತ ಬರಲಿಲ್ಲ. ಬೆರಳುಗಳು ಗಾಳಿಯಲ್ಲಿ ಸರಸರ ಮಡಚಿಕೊಂಡವು, ಬಿಚ್ಚಿಕೊಂಡವು, ಒಮ್ಮೆ ಅವಳ ಹಣೆಯತ್ತ ತೋರಿಸಿ ಕಾದು ನಿಂತವು.

“ಪಟ್ಟಿ ಗಾಯಕ್ಕೆ ಒತ್ತುತ್ತಾ ಅಂತ ಕೇಳ್ತಿದ್ದಾರೆ” ಎಂದು ಅಂಗಡಿಯವಳಿಗೆ ಹೇಳಿ, ಹೆಂಗಸು ತನ್ನೆರಡು ಕೈಗಳನ್ನೂ ಬೆಳಕಿಗೆ ಹಿಡಿದು, ಒಂದು ಸದ್ದೂ ಇಲ್ಲದೆ, ಗಂಡನಿಗೆ ಉತ್ತರ ಕೊಟ್ಟಳು.