ಎಂಟೂವರೆ ಬಸ್ಸಿನ ಕೃಷಿ ಇಲಾಖೆ

“ಸುಮಿತ್ರಕ್ಕ, ಬೇರಲ್ಲಿರೋ ಮಣ್ಣನ್ನಾದ್ರೂ ಉದುರಿಸ್ಕೊಂಡು ಹತ್ತು. ನನ್ನ ಬಸ್ಸಲ್ಲಿ ಆಗ್ಲೇ ಅರ್ಧ ಎಕರೆ ಐತೆ,” ಅಂದ ಕಂಡಕ್ಟರ್ ಗಿಡ್ಡಯ್ಯ.

ಸುಮಿತ್ರಮ್ಮ ಕಿತ್ತು ತಂದಿದ್ದ ರಾಗಿ ಪೈರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ನುಗ್ಗಿದರು. ಗರಿಯ ತುಂಬ ಕಂದು ಚುಕ್ಕೆ. ಹೊಲಕ್ಕೆಲ್ಲ ಹರಡುವ ಮೊದಲು ಯಾವ ಔಷಧಿ ಹೊಡೆಯಬೇಕು ಅಂತ ಇವತ್ತೇ ಗೊತ್ತಾಗಬೇಕು. ಹಾರನಹಳ್ಳಿಯಿಂದ ಅರಸೀಕೆರೆಗೆ ಹೋಗುವ ಆ ಪ್ರೈವೇಟ್ ಬಸ್ಸಿನ ಕಿಟಕಿ ಪಕ್ಕ ಕೃಷಿ ಅಧಿಕಾರಿ ದ್ರಾಕ್ಷಾಯಣಿ ಕೂತಿದ್ದರು. ತೊಡೆಯ ಮೇಲೆ ಮಗಳು ಅರ್ಧ ತಿಂದು ಬಿಟ್ಟ ಚಿತ್ರಾನ್ನದ ಡಬ್ಬಿ, ಅದರ ಮುಚ್ಚಳದ ಮೇಲೆ ಯಾರದೋ ಜೋಳದ ಹುಳ.

ಖರ್ಚು ಉಳಿಸಲೆಂದು ರಸ್ತೆ ಬದಿಯ ರೈತ ಸಂಪರ್ಕ ಕೇಂದ್ರಕ್ಕೆ ಬೀಗ ಹಾಕಿ, ಅದನ್ನು ಅರಸೀಕೆರೆ ಕಚೇರಿಗೆ ಸೇರಿಸಿದ ಮೇಲೆ ಮೇಡಂ ದಿನಾ ಹೋಗುವುದು ಇದೇ ಬಸ್ಸಿಗೆ. ಹಾಗಾಗಿ ರೈತರೂ ಇದೇ ಬಸ್ಸಿಗೆ. ತೋರಿಸಿ, ಕೇಳಿಕೊಂಡು, ಮುಂದಿನ ಸ್ಟಾಪಿನಲ್ಲಿ ಇಳಿದು ಮನೆಗೆ. ಅರಸೀಕೆರೆಗೇ ಹೋದರೆ ಟೋಕನ್ನು, ಸಾಲು, ಸಾಹೇಬರ ಊಟದ ಹೊತ್ತು. ಹೊಲದ ಕೆಲಸ ಅವತ್ತಿಗೆ ಮುಗಿದ ಹಾಗೇ.

ಇವತ್ತು ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿದ್ದರು. ಬೀಗ ಹಾಕಿಸಿದ ದೊಡ್ಡ ಸಾಹೇಬರು, ರಾಜಶೇಖರ್. ಬಸ್ಸಿನಲ್ಲಿ ಕಚೇರಿ ನಡೆಯುತ್ತಿದೆ ಅನ್ನುವ ದೂರನ್ನು ಕಣ್ಣಾರೆ ನೋಡಲು ಜೀಪನ್ನು ಮುಂದೆ ಕಳಿಸಿ ಬಸ್ಸು ಹತ್ತಿದ್ದರು. ಸುಮಿತ್ರಮ್ಮನ ಸರದಿ ಬರುವ ಹೊತ್ತಿಗೆ ಸರಿಯಾಗಿ ಎದ್ದು ನಿಂತರು.

“ಏನ್ ಮೇಡಂ ಇದು? ಓಡೋ ಬಸ್ಸಲ್ಲಿ ಇಲಾಖೆ ಕೆಲಸ ಮಾಡೋ ಹಾಗಿಲ್ಲ. ನಾಳೆಯಿಂದ ನೀವು ಬೇರೆ ಬಸ್ಸಿಗೆ ಬನ್ನಿ.”

ದ್ರಾಕ್ಷಾಯಣಿ ಗಾಬರಿಯಲ್ಲಿ ಡಬ್ಬಿ ಒಳಗಿಟ್ಟರು. ಹುಳ ಚೀಲಕ್ಕೆ ಬಿತ್ತೋ ಹೊರಗೆ ಬಿತ್ತೋ ನೋಡಲಿಲ್ಲ.

“ಓಡೋ ಬಸ್ಸಲ್ಲಿ ತಾನೆ ಮಾಡಂಗಿಲ್ಲ?” ಅಂದರು ಸುಮಿತ್ರಮ್ಮ. “ಗಿಡ್ಡಯ್ಯ, ನಿಲ್ಸಪ್ಪ.”

ಗಿಡ್ಡಯ್ಯ ವಿಷಲ್ ಊದಿದ. ಬಸ್ಸು ಹೋಗಿ ನಿಂತದ್ದು ಬೀಗ ಹಾಕಿದ ಕೇಂದ್ರದ ಎದುರಿಗೇ. ಮೊದಲು ಅಲ್ಲೊಂದು ಸ್ಟಾಪಿತ್ತು. ಡ್ರೈವರನ ಕಾಲಿಗೆ ಆ ಅಭ್ಯಾಸ ಇನ್ನೂ ತಪ್ಪಿರಲಿಲ್ಲ. ಪೈರು, ತೆಂಗಿನ ಗರಿ, ಹುಳ ತುಂಬಿದ ಕವರು ಹಿಡಿದವರೆಲ್ಲ ಇಳಿದರು. ದ್ರಾಕ್ಷಾಯಣಿ ಸಾಹೇಬರ ಮುಖ ನೋಡಿದರು, ಸುಮಿತ್ರಮ್ಮನ ಮುಖ ನೋಡಿದರು, ಆಮೇಲೆ ತಾವೂ ಇಳಿದು ಹೋಗಿ ಕೇಂದ್ರದ ಮೆಟ್ಟಿಲ ಮೇಲೆ ಕೂತರು.

ರಾಜಶೇಖರ್ ವಾಚು ನೋಡಿಕೊಂಡರು. ಅರಸೀಕೆರೆಯಲ್ಲಿ ಮೀಟಿಂಗು. ಕೇಂದ್ರಗಳನ್ನು ಸೇರಿಸಿದ್ದರಿಂದ ಎಷ್ಟು ಸಮಯ ಉಳಿಯಿತು ಅಂತ ಅಲ್ಲಿ ಅವರೇ ಹೇಳಬೇಕಿತ್ತು.

“ಏನ್ರೀ ಕಂಡಕ್ಟರ್, ಇನ್ನೂ ಎಷ್ಟೊತ್ತು?”

“ಸಾಲು ಕರಗೋಗಂಟ ಸಾರ್. ನೋಡೋರು ಒಬ್ರೇ ಅಲ್ವಾ?”

ಸಾಹೇಬರು ಸ್ವಲ್ಪ ಹೊತ್ತು ಖಾಲಿ ಬಸ್ಸಿನಲ್ಲಿ ಒಬ್ಬರೇ ಕೂತಿದ್ದರು. ಆಮೇಲೆ ಇಳಿದರು. ಶರ್ಟಿನ ತೋಳು ಮಡಚಿ, ಮೆಟ್ಟಿಲಿನ ಇನ್ನೊಂದು ತುದಿಯಲ್ಲಿ ಕೂತು, “ಕೊಡೀಮ್ಮ ಇಲ್ಲಿ,” ಅಂತ ಸುಮಿತ್ರಮ್ಮನ ಪೈರನ್ನು ಬಿಸಿಲಿಗೆ ಹಿಡಿದರು.

“ಬೆಂಕಿ ರೋಗ. ಯೂರಿಯಾ ಸುರಿದ್ರಾ?”

“ಒಂಚೂರು ಜಾಸ್ತಿ ಆಯ್ತೇನೋ.”

“ಒಂಚೂರಾ?”

ಸುಮಿತ್ರಮ್ಮ ಬಸ್ಸಿನ ಟೈರು ನೋಡತೊಡಗಿದರು. ಸಾಹೇಬರು ಮಣ್ಣಾದ ಬೆರಳಲ್ಲೇ ಪೆನ್ನು ತೆಗೆದು, ಅವರ ಬಸ್ ಟಿಕೆಟ್ಟಿನ ಹಿಂದೆ ಔಷಧಿಯ ಹೆಸರು ಬರೆದುಕೊಟ್ಟರು.

ಗಿಡ್ಡಯ್ಯ ಫುಟ್‌ಬೋರ್ಡಿನ ಮೇಲಿಂದ ಕೂಗಿದ: “ಹಿಂದಿರೋರು ಸಾಹೇಬ್ರ ಕಡೆ ಬನ್ರಪ್ಪ, ಅಲ್ಲಿ ಸಾಲು ಸಣ್ಣದೈತೆ.”